ದೊಡ್ಡಬಾಗಿಲಿನ ನಾಣ್ಯ

ಜನವರಿ ೧೨

ಪ್ರೀತಿಯ ಟಿಕ್ಕಿ,

ಮೊದಲು ಬೈದು ಮುಗಿಸು ತಂಗಿ, ಆಮೇಲೆ ಓದು. ಅಪ್ಪ ಹೋದ ಮೇಲೆ ನಾನು ಊರಿನ ಕಡೆ ತಲೆ ಹಾಕಿಲ್ಲ, ಪತ್ರವೂ ವರ್ಷಕ್ಕೊಂದು. ಎಲ್ಲ ಒಪ್ಪಿಕೊಂಡೆ. ಈಗ ಸುದ್ದಿ ಕೇಳು.

ನಮ್ಮೂರಿನ ಹೆಸರಿನಲ್ಲಿ ಒಂದು ಸ್ಮಾರಕ ನಾಣ್ಯ ಬರುತ್ತಿದೆ. ಊರು ಹುಟ್ಟಿ ಇಷ್ಟು ಶತಮಾನವಾಯಿತು ಎಂದು ಯಾರು ಲೆಕ್ಕ ಹಾಕಿದರೋ, ಅಂತೂ ಸರ್ಕಾರ ಒಪ್ಪಿದೆ. ಹಿಂದೆ ನದಿ, ಒಂದು ಪಕ್ಕ ಕಲ್ಲು ಸೇತುವೆ, ಇನ್ನೊಂದು ಪಕ್ಕ ಗಡಿಯಾರದ ಗೋಪುರ, ಎಲ್ಲಕ್ಕೂ ಮುಂದೆ ನಟ್ಟನಡುವೆ ಊರಿನ ಹಳೆಯ ಕಲ್ಲಿನ ಹೆಬ್ಬಾಗಿಲು, ನಮ್ಮ ದೊಡ್ಡಬಾಗಿಲು. ಅದರ ಅಚ್ಚು ಕೆತ್ತುವ ಕೆಲಸ ಟಂಕಸಾಲೆಯ ಇಷ್ಟು ಜನ ಕೆತ್ತನೆಗಾರರಲ್ಲಿ ನನ್ನ ಪಾಲಿಗೆ ಬಂದಿದೆ. ನಾನು ಆ ಊರಿನವನೆಂದು ಕೊಟ್ಟಿದ್ದಲ್ಲ. ಸರದಿಯ ಮೇಲೆ ಬಂತು, ತೆಗೆದುಕೊಂಡೆ. ಮನೆಗೆ ಬಂದು ನಿನ್ನತ್ತಿಗೆಗೆ ಎರಡೆರಡು ಸಲ ಹೇಳಿದೆ.

ಒಂದು ಉಪಕಾರ ಆಗಬೇಕು. ಕಚೇರಿಯವರು ಕೊಟ್ಟಿರುವ ಚಿತ್ರಗಳೆಲ್ಲ ಆಕಾಶದಿಂದ ತೆಗೆದವು. ಪಾರಿವಾಳಕ್ಕೆ ಕಂಡ ಹಾಗೆ ಕೆತ್ತಿದರೆ ಮನುಷ್ಯನಿಗೆ ಗುರುತು ಹತ್ತುವುದಿಲ್ಲ. ಬಾಗಿಲಿನೆದುರು ನಿಂತು, ಬೆಳಗಿನ ಓರೆ ಬಿಸಿಲಿನಲ್ಲಿ, ನಾಲ್ಕಾರು ಫೋಟೊ ತೆಗೆಸಿ ಕಳಿಸು. ನಾವು ಮೊದಲು ಊಟದ ತಟ್ಟೆಯಷ್ಟು ಅಗಲದ ಪ್ಲಾಸ್ಟರ್ ಬಿಲ್ಲೆಯ ಮೇಲೆ ಚಿತ್ರ ಎಬ್ಬಿಸುತ್ತೇವೆ. ಯಂತ್ರದ ಒಂದು ಸೂಜಿ ಅದರ ಮೇಲೆ ಸವರಿಕೊಂಡು ಹೋದರೆ, ಇನ್ನೊಂದು ಸೂಜಿ ಅದನ್ನೇ ಉಕ್ಕಿನ ಮೇಲೆ ಕೋಟಿನ ಗುಂಡಿಯಷ್ಟಕ್ಕೆ ಇಳಿಸುತ್ತದೆ. ದೊಡ್ಡದರಲ್ಲಿ ಒಂದು ಗೆರೆ ತಪ್ಪಿದರೆ ಸಣ್ಣದರಲ್ಲಿ ಬಾಗಿಲೇ ಸೊಟ್ಟಗಾಗುತ್ತದೆ.

ಅಂಗಡಿ ಹೇಗಿದೆ? ಅಪ್ಪ ಬರೆಸಿದ ಬೋರ್ಡು ಇನ್ನೂ ಇದೆಯಾ?

ನಿನ್ನ ಅಣ್ಣ


ಜನವರಿ ೨೫

ಅಣ್ಣಾ,

ಬೈದು ಮುಗಿದಿಲ್ಲ, ಆದರೂ ಓದಿದೆ. ಅಂಗಡಿಯ ವಿಷಯ ಕಡೆಯ ಸಾಲಿನಲ್ಲಿ ನೆನಪಾಯಿತಲ್ಲ, ಪುಣ್ಯ.

ಫೋಟೊ ಈ ಲಕೋಟೆಯಲ್ಲಿವೆ. ಒಂದರಲ್ಲೂ ಬಾಗಿಲು ಒಂಟಿಯಾಗಿ ಸಿಗಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಪಕ್ಕದ ಕೊಡೆ ಮಾಮ ನಿನಗೆ ನೆನಪಿರಬೇಕು, ಕೊಡೆ ರಿಪೇರಿಯವನು. "ನಾಣ್ಯಕ್ಕೆ ಫೋಟೊ" ಎಂದು ಕಿವಿಗೆ ಬಿದ್ದದ್ದೇ ತಡ, ಬೆಳಗಿನ ಎಳೆಬಿಸಿಲಿನಲ್ಲಿ ಕೊಡೆ ಬಿಚ್ಚಿಕೊಂಡು ಎಲ್ಲ ಫೋಟೊದಲ್ಲೂ ಬಂದು ನಿಂತಿದ್ದಾನೆ. ಅವನ ಹಿಂದೆ ಗುಂಡಿ ಅಜ್ಜಿ. ಕೋಟಿನ ಗುಂಡಿ, ರಿಬ್ಬನ್ನು, ಸೂಜಿ, ಅದೇ ವ್ಯಾಪಾರ, ಅದೇ ಮೂಲೆ. ಅಜ್ಜಿಗೆ ಕಣ್ಣು ಮಂಜಾಗಿದೆ. ಕರಿ ಗುಂಡಿ ಕೇಳಿದರೆ ನೀಲಿ ಕೊಡುತ್ತಾಳೆ, ಯಾರೂ ವಾಪಸು ಮಾಡುವುದಿಲ್ಲ. ಅವಳಾಚೆ ಬೀಗದವನು.

ನಮ್ಮ ಅಂಗಡಿ ಇದ್ದ ಹಾಗೇ ಇದೆ. ಬಾಗಿಲಿನ ಎಡಬುಡದಲ್ಲಿ ಹಿಂದೆ ಕಾವಲುಗಾರ ನಿಲ್ಲುತ್ತಿದ್ದ ಗೂಡು, ಅದನ್ನು ಮುಚ್ಚಲು ಅಪ್ಪ ಹಾಕಿಸಿದ ಹಲಗೆ, ಒಳಗೆ ಒಬ್ಬರು ಕೂತರೆ ಇನ್ನೊಬ್ಬರು ಉಸಿರು ಬಿಗಿಹಿಡಿಯಬೇಕು. ಬೋರ್ಡೂ ಇದೆ. "ಗಡಿಯಾರ ರಿಪೇರಿ"ಯಲ್ಲಿ ಕಡೆಯ "ರಿ" ಉದುರಿದೆ, ಹೊಸದಾಗಿ ಬರೆಸಿಲ್ಲ. ಗಿರಾಕಿ ಕಮ್ಮಿ. ಆದರೂ ಹೊಟ್ಟೆ ಬಟ್ಟೆಗೆ ತೊಂದರೆಯಿಲ್ಲ.

ನಗರಸಭೆಯವರು ಟೇಪು ಹಿಡಿದುಕೊಂಡು ಬಂದು ಬಾಗಿಲನ್ನು ಅಳೆದು ಹೋದರು. ಯಾಕೆ ಎಂದರೆ "ಸುಮ್ನೆ" ಎಂದರು.

ಅಣ್ಣಾ, ನಮ್ಮ ಅಂಗಡಿಯನ್ನೂ ನಾಣ್ಯದಲ್ಲಿ ಹಾಕುತ್ತೀಯಾ? ತಮಾಷೆಗೆ ಕೇಳುತ್ತಿಲ್ಲ. ಸರಿ, ಅರ್ಧ ತಮಾಷೆ.

ಟಿಕ್ಕಿ


ಮಾರ್ಚ್ ೩

ಟಿಕ್ಕಿ,

ಹಾಕಿದೆ!

ಎಡಬುಡದ ಗೂಡು, ಅರ್ಧ ತೆರೆದ ಹಲಗೆ, ಮೇಲೆ ಬೋರ್ಡು. ಅದರಾಚೆ ಕೊಡೆ ಮಾಮನ ಚಪ್ಪರ, ಅಜ್ಜಿಯ ಮೂಲೆ. ಪ್ಲಾಸ್ಟರಿನಲ್ಲಿ ಹೆಬ್ಬೆರಳ ಉಗುರಿನಷ್ಟು ಬಂದಿದೆ, ನಾಣ್ಯಕ್ಕೆ ಇಳಿದಾಗ ಸಾಸಿವೆ ಕಾಳಿಗಿಂತ ಸಣ್ಣದು. ಬೋರ್ಡಿನಲ್ಲಿ ಅಕ್ಷರ ಹಿಡಿಸುವುದಿಲ್ಲ, ಆದ್ದರಿಂದ "ರಿ" ಉದುರಿದ್ದು ಯಾರಿಗೂ ಗೊತ್ತಾಗುವುದಿಲ್ಲ. ಎರಡು ದಿನ ಕೂತು ಹೊಲಿಗೆ ಸೂಜಿಯ ತುದಿಯಿಂದ ಮಾಡಿದ್ದೇನೆ. ಇಷ್ಟು ವರ್ಷದಲ್ಲಿ ನನಗೆ ಇಷ್ಟು ಖುಷಿ ಕೊಟ್ಟ ಕೆಲಸ ಇನ್ನೊಂದಿಲ್ಲ.

ಯಾರಿಗೂ ಹೇಳಬೇಡ. ಇನ್ನೂ ಒಪ್ಪಿಗೆ ಆಗಬೇಕು.

ಅಣ್ಣ


ಮಾರ್ಚ್ ೧೧

ಅಣ್ಣಾ,

ಹೇಳಬೇಡ ಎಂದು ಬರೆದೆಯಲ್ಲ, ಅದೇ ನಿನ್ನ ತಪ್ಪು. ನಾನು ಕೊಡೆ ಮಾಮನಿಗೆ ಒಬ್ಬನಿಗೇ ಹೇಳಿದೆ. ಅವನಿಗೆ ಹೇಳುವುದೂ ಒಂದೇ, ಡಂಗುರ ಸಾರುವುದೂ ಒಂದೇ. ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗಿ, ಬೀಗದವನು ಬಂದು "ನನ್ನಂಗ್ಡೀನ ಯಾಕೆ ಬಿಟ್ರು ನಿಮ್ಮಣ್ಣ?" ಎಂದು ಜಗಳಕ್ಕೆ ನಿಂತ. "ಅದೂ ಇದೆ, ಅಜ್ಜಿಯ ಹಿಂದೆ" ಎಂದು ಸಮಾಧಾನ ಮಾಡಿದೆ. ಇಲ್ಲದಿದ್ದರೆ ಈಗಲೇ ಸೇರಿಸಿಬಿಡು ಮಾರಾಯ.

ಅಜ್ಜಿ ಮಾತ್ರ ನನ್ನ ಕೈ ಹಿಡಿದು, "ಹಂಗಾದ್ರೆ ನಾನು ಹೋದ್ಮೇಲೂ ನನ್ನ ಮೂಲೆ ಇರತ್ತೆ ಅನ್ನು" ಎಂದಳು. ನನಗೆ ಅಳು ಬಂತು. ನೀನು ಎಷ್ಟು ದೊಡ್ಡ ಕೆಲಸ ಮಾಡಿದ್ದೀಯ ಎಂದು ನಿನಗೆ ಗೊತ್ತಿಲ್ಲ ಅಣ್ಣಾ. ನಿನ್ನ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಯಿತು.

ಟಿಕ್ಕಿ


ಏಪ್ರಿಲ್ ೧೯
(ಅಂಚೆಗೆ ಹಾಕಿಲ್ಲ)

ಟಿಕ್ಕಿ,

ಇವತ್ತು ಮೊದಲ ಪರೀಕ್ಷಾ ನಾಣ್ಯ ಹೊಡೆದರು. ಒಪ್ಪಿಗೆಯ ಸಭೆ. ಉದ್ದನೆಯ ಮೇಜು, ಹಸಿರು ಬಟ್ಟೆ, ಚಹಾ. ಹಿರಿಯ ಕೆತ್ತನೆಗಾರರು ನನ್ನ ಬೆನ್ನು ತಟ್ಟಿದರು. ಸೇತುವೆಯ ಕಮಾನು ನೋಡಿ ಮೇಲಧಿಕಾರಿಯೇ "ಭೇಷ್" ಎಂದರು. ನಾನು ಉಬ್ಬಿಹೋಗಿದ್ದೆ.

ಅಷ್ಟರಲ್ಲಿ ಅಚ್ಚು ತಪಾಸಣೆ ಮಾಡುವವನು ಕಣ್ಣಿಗೆ ಭೂತಗಾಜು ಇಟ್ಟುಕೊಂಡು, "ಇದೇನ್ ಸಾರ್, ಬಾಗ್ಲ ಎಡಬುಡದಲ್ಲಿ ಅಚ್ಚು ಬಿರುಕು ಬಿಟ್ಟಿದೆಯಾ? ಕಸ ಮೆತ್ತಿಕೊಂಡ ಹಾಗಿದೆ" ಎಂದ. ನಾಣ್ಯ ಕೈಯಿಂದ ಕೈಗೆ ಹೋಯಿತು. ಕೋಣೆಯೆಲ್ಲ ನಕ್ಕಿತು. ಮೇಲಧಿಕಾರಿ ನನ್ನ ಮುಖ ನೋಡಿ, "ಏನ್ರೀ ಅದು?" ಎಂದರು.

ಅದು ನಮ್ಮಪ್ಪನ ಅಂಗಡಿ ಸ್ವಾಮಿ ಎನ್ನಬೇಕಿತ್ತು. ಎನ್ನಲಿಲ್ಲ. ಇಲ್ಲಿ ಸೇರಿದ ಹೊಸದರಲ್ಲಿ ಯಾರೋ ಕೇಳಿದಾಗ "ನಮ್ಮ ತಂದೆಯದು ಗಡಿಯಾರದ ವ್ಯಾಪಾರ" ಎಂದಿದ್ದೆ. ಅದು ಬೆಳೆದು ಬೆಳೆದು ದೊಡ್ಡ ಅಂಗಡಿಯಾಗಿ, ಗಾಜಿನ ಬಾಗಿಲಾಗಿ, ನಾಲ್ಕು ಜನ ಕೆಲಸಗಾರರಾಗಿ ನಿಂತಿದೆ. ಆ ಕಾವಲು ಗೂಡನ್ನು ತೋರಿಸಿ ಇದೇ ಅದು ಎನ್ನಲು ಬಾಯಿ ಬರಲಿಲ್ಲ. "ಏನೋ ಉಳಿದುಬಿಟ್ಟಿದೆ, ತೆಗೆದುಬಿಡ್ತೀನಿ" ಎಂದೆ.

ತೆಗೆದೆ. ಬಿಲ್ಲೆಯ ಮೇಲೆ ಚಾಕುವಿನ ಮೊನೆಯಿಂದ ಕೆರೆದೆ. ಎರಡು ದಿನ ಕೂತು ಮಾಡಿದ್ದು ಒಂದೇ ಕ್ಷಣದಲ್ಲಿ ಪುಡಿಯಾಗಿ ಉದುರಿತು, ಊದಿಬಿಟ್ಟೆ. ನಾಣ್ಯದ ಜೊತೆ ಕೊಡುವ ಕಿರುಹೊತ್ತಗೆಗೆ ಒಂದು ಸಾಲು ಬರೆದುಕೊಡಿ ಎಂದರು. "ದೊಡ್ಡಬಾಗಿಲು ತನ್ನ ಮೂಲರೂಪದಲ್ಲಿ, ಯಥಾವತ್ತಾಗಿ" ಎಂದು ಬರೆದು ಸಹಿ ಮಾಡಿದೆ.

ಇದನ್ನು ನಿನಗೆ ಹೇಗೆ ಕಳಿಸಲಿ? ಅಜ್ಜಿ ಕೈ ಹಿಡಿದು ಹೇಳಿದ ಮಾತು ನಿನ್ನ ಪತ್ರದಲ್ಲಿದೆ.


ಏಪ್ರಿಲ್ ೧೯

ಪ್ರೀತಿಯ ಟಿಕ್ಕಿ,

ನಾಣ್ಯಕ್ಕೆ ಒಪ್ಪಿಗೆ ಸಿಕ್ಕಿತು. ಎಲ್ಲರೂ ಹೊಗಳಿದರು. ಅಂಗಡಿ ಇದೆ, ಆದರೆ ಬಹಳ ಸಣ್ಣದಾಗಿ ಇಳಿದಿದೆ, ಬರಿಗಣ್ಣಿಗೆ ಕಾಣುವುದು ಕಷ್ಟ. ಬೀದಿಯವರು ಹೆಚ್ಚು ಆಸೆ ಇಟ್ಟುಕೊಳ್ಳದಂತೆ ನೋಡಿಕೊ. ಕೆಲಸ ವಿಪರೀತ, ಹೆಚ್ಚು ಬರೆಯಲಾಗುತ್ತಿಲ್ಲ.

ಅಣ್ಣ


ಆಗಸ್ಟ್ ೬

ಅಣ್ಣಾ,

ಮೂರೂವರೆ ತಿಂಗಳು ನಿನ್ನಿಂದ ಒಂದು ಸಾಲಿಲ್ಲ. ಇರಲಿ, ನಮ್ಮಲ್ಲಿ ಸುದ್ದಿ ರಾಶಿ ಬಿದ್ದಿದೆ.

ನಾಣ್ಯ ಬಿಡುಗಡೆಯಾಯಿತು. ಬಾಗಿಲಿನೆದುರು ವೇದಿಕೆ, ಮೈಕು, ಕುರ್ಚಿ. ನಮ್ಮನ್ನು ಅಂಗಡಿ ಮುಚ್ಚಿಸಿ ಹಿಂದೆ ನಿಲ್ಲಿಸಿದ್ದರು. ಭಾಷಣದಲ್ಲಿ ಸೇತುವೆಗೆ ಸಮಯ ಸಿಕ್ಕಿತು, ಗೋಪುರಕ್ಕೆ ಸಮಯ ಸಿಕ್ಕಿತು, ಕೆತ್ತಿದವನ ಹೆಸರಿಗೆ ಸಿಗಲಿಲ್ಲ. ಕೊಡೆ ಮಾಮ ಹಿಂದಿನಿಂದ "ನಮ್ಮ ಬೀದಿ ಹುಡುಗ ಕಣ್ರೀ!" ಎಂದು ಕೂಗಿದ. ನಾಲ್ಕು ಜನ ತಿರುಗಿ ನೋಡಿದರು, ನನಗೆ ಅಷ್ಟೇ ಸಾಕಾಯಿತು.

ಬೀದಿಯವರೆಲ್ಲ ಸೇರಿ ಒಂದು ನಾಣ್ಯ ಕೊಂಡರು. ನೀಲಿ ಡಬ್ಬಿ, ಒಳಗೆ ಮೆತ್ತೆ. ನನ್ನ ಮೇಜಿನ ಮೇಲೆ ಇಟ್ಟು, "ನೋಡಿ ಹೇಳಮ್ಮ" ಎಂದರು. ಕಣ್ಣಿಗೆ ರಿಪೇರಿಯ ಗಾಜು ಸಿಕ್ಕಿಸಿಕೊಂಡು ನೋಡಿದೆ. ಇದೆ ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಈಗ ಅದನ್ನು ಸರದಿಯಲ್ಲಿ ದಿನಕ್ಕೊಬ್ಬರ ಅಂಗಡಿಯಲ್ಲಿ ಇಡುತ್ತಿದ್ದೇವೆ.

ಇನ್ನು ಕೆಟ್ಟ ಸುದ್ದಿ. ನಗರಸಭೆಯಿಂದ ಎಲ್ಲ ಅಂಗಡಿಗಳಿಗೂ ನೋಟಿಸು ಬಂದಿದೆ. ನಾಣ್ಯ ಹಿಡಿದುಕೊಂಡು ಊರು ನೋಡಲು ಬರುವವರು ಬಾಗಿಲನ್ನೂ ನಾಣ್ಯವನ್ನೂ ಹೋಲಿಸಿ ನೋಡುತ್ತಾರಂತೆ, ಆದ್ದರಿಂದ ಬಾಗಿಲನ್ನು ನಾಣ್ಯದಲ್ಲಿರುವ ಮೂಲರೂಪಕ್ಕೆ ತರಬೇಕಂತೆ, ಬುಡದಲ್ಲಿರುವುದನ್ನೆಲ್ಲ ತೆರವು ಮಾಡಬೇಕಂತೆ. ಓದಿ ಕೊಡೆ ಮಾಮ ಹೊಟ್ಟೆ ಹಿಡಿದುಕೊಂಡು ನಕ್ಕ. "ನಾಣ್ಯದಲ್ಲಿ ನಾವೇ ಇದ್ದೀವಲ್ರಯ್ಯ! ಗುಂಡಿ ತೋಡಕ್ಕೆ ಹೋಗಿ ಅವ್ರೇ ಬಿದ್ರು" ಎಂದ. ವಿಚಾರಣೆಗೆ ಕೊಡುವ ಉತ್ತರದಲ್ಲಿ ಅದನ್ನೇ ಬರೆಸಿದ್ದೇವೆ: ಸರ್ಕಾರವೇ ಹೊಡೆಸಿದ ನಾಣ್ಯದಲ್ಲಿ ನಮ್ಮ ಅಂಗಡಿಗಳಿವೆ. ಬೇರೆ ಯಾವ ಆಧಾರವೂ ಬೇಡ ಎಂದು ಎಲ್ಲರೂ ನೆಮ್ಮದಿಯಾಗಿದ್ದಾರೆ. ವಿಚಾರಣೆ ಸೆಪ್ಟೆಂಬರ್ ಎರಡಕ್ಕೆ.

ಟಿಕ್ಕಿ


ಆಗಸ್ಟ್ ೧೩

ಟಿಕ್ಕಿ,

ನಾಣ್ಯದ ಮಾತನ್ನು ವಿಚಾರಣೆಯಲ್ಲಿ ಎತ್ತಬೇಡಿ. ನಾಣ್ಯ ಅಂದರೆ ಅಲಂಕಾರ, ಅದನ್ನು ದಾಖಲೆ ಎಂದು ಯಾರೂ ಹಿಡಿಯುವುದಿಲ್ಲ. ಹಳೆಯ ತೆರಿಗೆ ರಸೀದಿ, ಅಪ್ಪನ ಕಾಲದ ಲೈಸೆನ್ಸು, ಹಳೆಯ ಫೋಟೊ, ಏನಾದರೂ ಹುಡುಕಿ. ಒಳ್ಳೆಯ ವಕೀಲರನ್ನು ಹಿಡಿಯಿರಿ. ಕೊಟ್ಟ ಉತ್ತರವನ್ನು ವಾಪಸು ತೆಗೆದುಕೊಳ್ಳಲು ಆಗುತ್ತದೆಯೇ ವಿಚಾರಿಸು. ದಯವಿಟ್ಟು ನನ್ನ ಮಾತು ಕೇಳು. ಯಾಕೆ ಎಂದು ಕೇಳಬೇಡ.

ಅಣ್ಣ


ಆಗಸ್ಟ್ ೨೦

ಅಣ್ಣಾ,

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆದಿದ್ದೀಯ. ನಿನ್ನ ನೌಕರಿಗೆ ತೊಂದರೆಯಾದೀತೆಂದು ಹೆದರಿದ್ದೀಯ, ಅಷ್ಟು ಗೊತ್ತಾಯಿತು. ಹೆದರಬೇಡ, ನಿನ್ನ ಹೆಸರು ಎಲ್ಲೂ ಬರುವುದಿಲ್ಲ. ಕೊಡೆ ಮಾಮನ ಬಾಯಿಗೆ ನಾನೇ ಬೀಗ ಹಾಕುತ್ತೇನೆ, ಬೀಗದವನು ಪಕ್ಕದಲ್ಲೇ ಇದ್ದಾನೆ.

ರಸೀದಿ ಯಾವುದೂ ಇಲ್ಲ. ಇದ್ದದ್ದನ್ನೆಲ್ಲ ಹೊಳೆ ಉಕ್ಕಿದ ವರ್ಷ ನೀರು ತೆಗೆದುಕೊಂಡು ಹೋಯಿತು, ನಿನಗೇ ಗೊತ್ತು. ಫೋಟೊ ತೋರಿಸಿದರೆ "ಇದು ಈ ವರ್ಷದ್ದು, ಅಂಗಡಿ ಈಗ ಇರೋದು ನಮಗೂ ಗೊತ್ತು" ಎನ್ನುತ್ತಾರೆ. ನಮ್ಮ ಕೈಯಲ್ಲಿರುವುದು ನಾಣ್ಯ ಒಂದೇ.

ನನಗೆ ಹೇಳಬೇಕಾದ್ದು ಏನಾದರೂ ಇದ್ದರೆ ಈಗ ಹೇಳು. ಏನಿದ್ದರೂ ಪರವಾಗಿಲ್ಲ. ನಾನು ನಿನ್ನ ತಂಗಿ, ನಗರಸಭೆ ಅಲ್ಲ.

ಟಿಕ್ಕಿ


ಆಗಸ್ಟ್ ೩೧

ಟಿಕ್ಕಿ,

ನಿನ್ನ ಪತ್ರ ಬಂದು ವಾರವಾಯಿತು. ದಿನಾ ಬರೆಯಲು ಕೂರುತ್ತೇನೆ, ಏಳುತ್ತೇನೆ. ಕಚೇರಿಯಲ್ಲಿ ಯಾರಾದರೂ ಬಾಗಿಲು ಎಂದರೆ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತೇನೆ.

ನಾಣ್ಯದಲ್ಲಿ ಅಂಗಡಿ ಇಲ್ಲ. ನೀನು ಗಾಜಿನಲ್ಲಿ ನೋಡಿ ಇದೆ ಎಂದೆಯಲ್ಲ, ನೀನು ಕಂಡದ್ದು ಏನೋ ನನಗೆ ಗೊತ್ತಿಲ್ಲ. ನನ್ನ ಮೇಲಿನ ನಂಬಿಕೆಗೆ ಕಂಡಿರಬೇಕು. ಏಪ್ರಿಲ್‌ನಲ್ಲಿ ಬರೆದು ಹಾಕದೆ ಇಟ್ಟುಕೊಂಡ ಪತ್ರ ಇದರ ಜೊತೆಗಿದೆ. ಓದು. ಎರಡನೇ ಸಲ ಅದನ್ನು ಬರೆಯಲು ನನ್ನಿಂದಾಗುವುದಿಲ್ಲ. "ಮೂಲರೂಪದಲ್ಲಿ, ಯಥಾವತ್ತಾಗಿ" ಎಂಬ ಸಾಲನ್ನೇ ನಗರಸಭೆ ಹಿಡಿದುಕೊಂಡಿದೆ. ನಿಮ್ಮ ಅಂಗಡಿ ಕಿತ್ತುಹಾಕಲು ಹೊರಟಿರುವ ಸಾಲು ನನ್ನದೇ.

ನಾನು ವಿಚಾರಣಾಧಿಕಾರಿಗೆ ಬರೆದು ತಿಳಿಸಬಹುದು: ಬಾಗಿಲು ಹಾಗಿರಲಿಲ್ಲ, ಇದ್ದದ್ದನ್ನು ನಾನು ಕೆರೆದೆ, ಸುಳ್ಳು ಸಾಲಿಗೆ ಸಹಿ ಹಾಕಿದೆ ಎಂದು. ಹಾಗೆ ಬರೆದರೆ ಇಲ್ಲಿ ನನ್ನ ಕೆತ್ತನೆ ಮುಗಿದ ಹಾಗೆ. ಮಕ್ಕಳ ಓದು ಇನ್ನೂ ಮುಗಿದಿಲ್ಲ. ಆದರೂ ನೀನು ಬರೆ ಎಂದರೆ ಬರೆಯುತ್ತೇನೆ. ಬರೆಯಲೇ? ನೀನು ಹೇಳಿದ ಹಾಗೆ.

ಅಣ್ಣ


ಸೆಪ್ಟೆಂಬರ್ ೪

ಅಣ್ಣಾ,

ದಪ್ಪ ಲಕೋಟೆ ಇವತ್ತು ಬಂತು. ವಿಚಾರಣೆ ಮೊನ್ನೆ ಮುಗಿಯಿತು.

ನಾಣ್ಯ ಬಂದ ದಿನವೇ ನನಗೆ ಗೊತ್ತಾಗಿತ್ತು. ನಾನೇನು ಕೆಲಸ ಮಾಡುವವಳು? ಕೂದಲೆಳೆಯಂಥ ಸ್ಪ್ರಿಂಗು ಕಾಣುವ ಕಣ್ಣಿಗೆ ಖಾಲಿ ಗೂಡು ಕಾಣುವುದಿಲ್ಲವಾ? ಸುತ್ತ ಅಷ್ಟು ಜನ ಬಾಯಿ ತೆರೆದುಕೊಂಡು ನಿಂತಿದ್ದರು. "ಕಾಣ್ತಾ?" ಎಂದರು. ಇಲ್ಲ ಎಂದರೆ ನೀನು ಸುಳ್ಳುಗಾರನಾಗುತ್ತೀಯ. ಇದೆ ಎಂದುಬಿಟ್ಟೆ. ಆ ಸುಳ್ಳು ನಿನ್ನದಲ್ಲ, ನನ್ನದು. ಅದರ ಮೇಲೆಯೇ ಅವರು ಉತ್ತರ ಬರೆಸಿದರು, ನಾನು ತಡೆಯಲಿಲ್ಲ. ನೀನಾಗಿ ಬಾಯಿ ಬಿಡುತ್ತೀಯ, ಆಗ ಇಬ್ಬರೂ ಸೇರಿ ಏನಾದರೂ ಮಾಡೋಣ ಎಂದು ಕಾದೆ. ಹೇಳು ಎಂದು ಬಾಯಿ ಬಿಟ್ಟು ಬರೆದೆ. ನೀನು ಒಂದು ವಾರ ಕೂತೆ, ಎದ್ದೆ.

ಅಧಿಕಾರಿ ಒಳ್ಳೆಯವನೇ, ತಾಳ್ಮೆಯಿಂದ ಕೇಳಿದ. "ಎಲ್ಲಿದೆ ತೋರಿಸಿ" ಎಂದ. ನನ್ನ ಗಾಜನ್ನೇ ಕೊಟ್ಟೆ. ಬಹಳ ಹೊತ್ತು ನೋಡಿ, "ನನಗೇನೂ ಕಾಣ್ತಿಲ್ಲಮ್ಮ" ಎಂದ. ನಾನು ತಲೆ ತಗ್ಗಿಸಿದೆ. ಕೊಡೆ ಮಾಮ ಎದ್ದ. "ಕೊಡಿ ಸ್ವಾಮಿ ಇಲ್ಲಿ" ಎಂದು ಗಾಜು ಈಸಿಕೊಂಡು ನೋಡಿದ. ಅವನ ಮುಖ ಒಂದು ಕ್ಷಣ ಹೇಗಾಯಿತೆಂದು ನಾನು ನೋಡಿದೆ. ಆಮೇಲೆ, "ಇದೆಯಲ್ಲ! ಹಲಗೆ ಅರ್ಧ ತೆಗೆದಿದೆ ನೋಡಿ" ಎಂದ. ಬೀಗದವನು ನೋಡಿದ, "ಬೋರ್ಡೂ ಇದೆ" ಎಂದ. ಕಡೆಗೆ ಅಜ್ಜಿ. ಗಾಜನ್ನು ಕಣ್ಣಿಗೆ ಒತ್ತಿ ಹಿಡಿದುಕೊಂಡು ಆ ಕಡೆ ಈ ಕಡೆ ತಿರುಗಿಸಿ, "ಇದೆ. ನನ್ನ ಗುಂಡಿ ಡಬ್ಬಾನೂ ಇದೆ" ಎಂದಳು.

ಅಧಿಕಾರಿ ಪೆನ್ನು ಕೆಳಗಿಟ್ಟ. "ನೀವೆಲ್ಲ ಸೇರಿ ನನಗೆ ಸುಳ್ಳು ಹೇಳ್ತಿದ್ದೀರಿ" ಎಂದ. ಕಿರುಹೊತ್ತಗೆ ತೆಗೆದು ನಿನ್ನ ಸಾಲನ್ನು ಗಟ್ಟಿಯಾಗಿ ಓದಿದ. ತೆರವಿಗೆ ಆದೇಶವಾಗಿದೆ. ಮೇಲ್ಮನವಿಗೆ ಒಂದು ತಿಂಗಳು ಗಡುವು.

ಹೊರಗೆ ಬಂದ ಮೇಲೆ ಯಾರೂ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಎಷ್ಟೋ ಚೆನ್ನಾಗಿತ್ತು.

ಈಗ ನಿನ್ನ ಪ್ರಶ್ನೆ. "ಬರೆಯಲೇ" ಎಂದು ನನ್ನನ್ನು ಕೇಳುತ್ತೀಯಲ್ಲ, ಹಾವೂ ಸಾಯಬಾರದು ಕೋಲೂ ಮುರಿಯಬಾರದು, ಅಲ್ಲವಾ? ಬೇಡ ಎಂದರೆ "ತಂಗಿಯೇ ಬೇಡ ಎಂದಳು" ಎಂದು ನೆಮ್ಮದಿಯಾಗಿ ನಿದ್ದೆ ಮಾಡುತ್ತೀಯ. ಬರೆ ಎಂದರೆ ನಿನ್ನ ಮಕ್ಕಳ ಅನ್ನ ಕಿತ್ತುಕೊಂಡವಳು ನಾನಾಗುತ್ತೇನೆ. ನಾನು ಎರಡನ್ನೂ ಹೇಳುವುದಿಲ್ಲ. ಕೆರೆಯುವಾಗ ನನ್ನನ್ನು ಕೇಳಿದ್ದೆಯಾ?

ಟಿಕ್ಕಿ


ಸೆಪ್ಟೆಂಬರ್ ೧೨

ಟಿಕ್ಕಿ,

ಕೇಳದೆ ಬರೆದೆ. ನಗರಸಭೆಗೆ ಒಂದು, ಮೇಲ್ಮನವಿಯವರಿಗೆ ಒಂದು, ಇಲ್ಲಿಯ ಮೇಲಧಿಕಾರಿಗೆ ಒಂದು. ನೀನು ಕಳಿಸಿದ ಫೋಟೊಗಳನ್ನೂ, ಮೊದಲ ಪರೀಕ್ಷಾ ನಾಣ್ಯದ ಚಿತ್ರವನ್ನೂ ಲಗತ್ತಿಸಿದ್ದೇನೆ. "ದೊಡ್ಡಬಾಗಿಲಿನ ಬುಡದಲ್ಲಿ ನಾನು ಚಿಕ್ಕವನಿದ್ದಾಗಿನಿಂದ ಅಂಗಡಿಗಳಿವೆ. ಅವು ಬಾಗಿಲಿನ ಹೊರಗೋಡೆಗೆ ಒರಗಿ ನಿಂತಿವೆ, ಬಾಗಿಲಿಗೆ ಅವುಗಳಿಂದ ಧಕ್ಕೆಯಿಲ್ಲ. ನಾಣ್ಯದ ಚಿತ್ರದಿಂದ ಅವುಗಳನ್ನು ತೆಗೆದದ್ದು ನಾನು, ನನ್ನ ಸ್ವಂತ ನಾಚಿಕೆಯಿಂದ. ಮೂಲರೂಪ ಎಂಬ ಮಾತು ಸುಳ್ಳು" ಎಂದು ಬರೆದಿದ್ದೇನೆ. ಪ್ರತಿ ಇದರೊಂದಿಗಿದೆ.

ಮೇಲಧಿಕಾರಿ ಕೂಗಾಡಲಿಲ್ಲ. "ಒಂದು ಮಾತು ಅವತ್ತೇ ಹೇಳಿದ್ರೆ ಇರಲಿ ಬಿಡಿ ಅಂತಿದ್ದೆ ಕಣ್ರೀ" ಎಂದರು. ಆ ಮಾತು ಕೂಗಾಟಕ್ಕಿಂತ ಕಷ್ಟವಾಯಿತು. ನನ್ನನ್ನು ಕೆತ್ತನೆಯಿಂದ ತೆಗೆದು ಡಬ್ಬಿ ತುಂಬುವ ವಿಭಾಗಕ್ಕೆ ಹಾಕಿದ್ದಾರೆ. ದಿನವಿಡೀ ಅದೇ ನಾಣ್ಯವನ್ನು ಅದೇ ನೀಲಿ ಡಬ್ಬಿಗೆ ಹಾಕುತ್ತೇನೆ. ನಿನ್ನತ್ತಿಗೆ ಮೊದಲು ಅತ್ತಳು, ಆಮೇಲೆ "ಇಷ್ಟು ದಿನ ಯಾಕೆ ಸುಮ್ನಿದ್ರಿ?" ಎಂದಳು.

ಅಣ್ಣ


ಅಕ್ಟೋಬರ್ ೨೮

ಅಣ್ಣಾ,

ಮೇಲ್ಮನವಿ ಮುಗಿಯಿತು. ನಿನ್ನ ಪತ್ರವನ್ನು ಎಲ್ಲರೆದುರು ಪೂರ್ತಿ ಓದಿದರು. ನಾನು ನೆಲ ನೋಡುತ್ತ ಕೂತಿದ್ದೆ. "ತೆಗೆದದ್ದು ನಾನು" ಎಂಬ ಸಾಲು ಬಂದಾಗ ಕೊಡೆ ಮಾಮ ಬೀಗದವನ ಮುಖ ನೋಡಿದ, ಬೀಗದವನು ಅಜ್ಜಿಯ ಮುಖ ನೋಡಿದ. ಮೊದಲ ವಿಚಾರಣೆಯ ದಿನ ನಾಣ್ಯದಲ್ಲಿ ಯಾರಿಗೂ ಏನೂ ಕಂಡಿರಲಿಲ್ಲ. ಪ್ರತಿಯೊಬ್ಬರೂ ಮಾತು ಬಿಟ್ಟುಕೊಡಬಾರದೆಂದು ಕಂಡಿತು ಎಂದಿದ್ದರು. ಅಜ್ಜಿ ಮಾತ್ರ ಎರಡು ತಿಂಗಳಿಂದ ಕೊರಗುತ್ತಿದ್ದಳಂತೆ, ತನ್ನೊಬ್ಬಳಿಗೇ ಕಾಣಲಿಲ್ಲ, ಕಣ್ಣು ಪೂರಾ ಹೋಯಿತು ಎಂದು. "ಹಂಗಾದ್ರೆ ನನ್ನ ಕಣ್ಣು ಇನ್ನೂ ಇದೆ ಅನ್ನು!" ಎಂದು ಸಭೆಯಲ್ಲೇ ಎದ್ದು ನಿಂತಳು. ಅಧಿಕಾರಿಗಳೂ ನಕ್ಕರು.

ತೆರವಿನ ಆದೇಶ ರದ್ದಾಗಿದೆ. ಹೊರಗೋಡೆಗೆ ಒರಗಿದ ಅಂಗಡಿಗಳು ಉಳಿದವು, ನೀನು ಬರೆದ ಮಾತನ್ನೇ ಆದೇಶದಲ್ಲಿ ಹಾಕಿದ್ದಾರೆ. ನಮ್ಮದು ಹೊರಗೋಡೆಗೆ ಒರಗಿದ್ದಲ್ಲ. ಕಾವಲು ಗೂಡು ಬಾಗಿಲಿನದೇ ಕಲ್ಲು, ಅದು ಬಾಗಿಲಿನೊಳಗಿನ ಭಾಗ ಎಂದರು. ಅಪ್ಪನ ಅಂಗಡಿ ಒಂದೇ ಹೋಯಿತು. ಹಲಗೆ ಬಿಚ್ಚಿ, ಮೇಜು ಹೊರಗೆ ಹಾಕಿ, ಗೂಡಿಗೆ ಕಬ್ಬಿಣದ ಸರಳು ಹಾಕಿದ್ದಾರೆ. ನೀನು ಬೇಕೆಂದೇ ಹಾಗೆ ಬರೆದದ್ದಲ್ಲ ಎಂದು ನನಗೆ ಗೊತ್ತು. ಅಂಗಡಿಯೊಳಗೆ ಕೂತು ಎಷ್ಟು ವರ್ಷವಾಯಿತು ನಿನಗೆ, ಒಳಗಾ ಹೊರಗಾ ಎಂದು ಮರೆತಿದ್ದೀಯ.

ಈಗ ಕೊಡೆ ಮಾಮನ ಚಪ್ಪರದ ಅರ್ಧದಲ್ಲಿ ಕೂರುತ್ತೇನೆ. ಅವನೇ ಕರೆದ. ಬಾಡಿಗೆ ಮಾತೆತ್ತಿದರೆ ಕೊಡೆ ಎತ್ತುತ್ತಾನೆ. ಬೀದಿಯವರಿಗೆ ನಿನ್ನ ಮೇಲೆ ಸಿಟ್ಟಿಲ್ಲ. "ಕಡೆಗಾದ್ರೂ ಬಾಯಿ ಬಿಟ್ಟನಲ್ಲ" ಎನ್ನುತ್ತಾರೆ. ಒಂದು ಸಲ ಬಂದು ಹೋಗಲಿ ಎನ್ನುತ್ತಾರೆ.

ಅಂಗಡಿ ಹೋದದ್ದಕ್ಕೆ ಅತ್ತೆ, ಮುಗಿಯಿತು. ಕೆರೆದದ್ದನ್ನೂ ಕ್ಷಮಿಸಿದೆ ಎಂದುಕೋ. ನಿನ್ನ ಕೆತ್ತನೆ ಕೆಲಸ ಹೋದದ್ದು ನನಗೂ ಸಂಕಟವೇ. ಆದರೆ ಹಾಕದೆ ಇಟ್ಟುಕೊಂಡಿದ್ದ ಆ ಪತ್ರವನ್ನು ನಾನು ದಿನಾ ಓದುತ್ತೇನೆ. ಕಸ ಮೆತ್ತಿಕೊಂಡ ಹಾಗಿದೆ ಎಂದು ತಪಾಸಣೆಯವನು ಅಂದ, ಕೋಣೆಯೆಲ್ಲ ನಕ್ಕಿತು ಎಂದು ಬರೆದಿದ್ದೀಯ. ಆ ಕೋಣೆಯಲ್ಲಿ ನೀನೂ ಇದ್ದೆ. ಯಾರಿಗೂ ತೋರಿಸದ ಪತ್ರದಲ್ಲೂ ನೀನು ಏನು ಮಾಡಿದೆ ಎಂದು ಬರೆದಿಲ್ಲ.

ನೀನು ನಕ್ಕೆಯಾ ಅಣ್ಣಾ?

ಟಿಕ್ಕಿ


ನವೆಂಬರ್ ೫

ಟಿಕ್ಕಿ,

ನಕ್ಕೆ.

ಮೊದಲು ನಕ್ಕವನು ನಾನೇ. ನಾನು ನಕ್ಕದ್ದು ನೋಡಿ ಅವರು ನಕ್ಕರು.

ಅಣ್ಣ